ಚಾಲಕನ ಹೆಸರಿನ ಜಾಗ

ಅಣ್ಣಾ,

ಕಸ್ಟಮ್ಸ್ ಕಾಗದಗಳ ಚೀಲದಲ್ಲಿ ನನ್ನ ಪತ್ರ ನೋಡಿ ಸಿಡುಕಬೇಡ. ಫೋನ್ ಮಾಡಿದರೆ ನೀನು ಎತ್ತಲ್ಲ, ಈ ಚೀಲವನ್ನಂತೂ ಬಿಚ್ಚಲೇಬೇಕು.

ಮೊದಲು ಕೆಲಸದ ಮಾತು. ಗೋದಾಮಿನ ಆ ಪುಣ್ಯಾತ್ಮ ಗುಮಾಸ್ತ ಈ ಸಲವೂ ಟೈಲ್ಸ್ ತೂಕ ಬರೆದು, ಅಡಿಯ ಮರದ ಹಲಗೆಗಳ ತೂಕ ಮರೆತ. ಕಸ್ಟಮ್ಸ್ ಕಚೇರಿಯಲ್ಲಿ ಕಿಟಕಿಯಿಂದ ಕಿಟಕಿಗೆ ಅಲೆದು ಸಾಕುಸಾಕಾಯಿತು. ತಿದ್ದಿದ ಕಾಗದ ಮೇಲಿದೆ, ಅದನ್ನೇ ಕೊಡು. ಟ್ರೇಲರ್ ಎಂದಿನಂತೆ ಎಳೆಯೋ ಲಾರಿ, ಚಾಲಕ ಇಲ್ಲದೆ ಒಂಟಿಯಾಗಿ ಹಡಗು ಹತ್ತುತ್ತೆ. ಆ ದಡದಲ್ಲಿ ನೀನು ಎಳ್ಕೊಂಡು ಹೋಗು, ನಾನು ಇಲ್ಲಿಂದಲೇ ಮನೆಗೆ.

ಇನ್ನು ಮನೆ ಮಾತು. ಅಪ್ಪ ಈಗ ಮಂಚ ಬಿಟ್ಟು ಏಳಲ್ಲ. "ನನ್ನ ಲಾರಿ ಬಿಟ್ಟು ಕಂಡವರ ಲಾರಿ ಹತ್ತಿದವನು ನನ್ನ ಹೊಸಿಲು ತುಳಿಯಬಾರದು" ಅಂದಿದ್ದ ಮನುಷ್ಯ, ಈಗಲೂ ನಿನ್ನ ಹೆಸರೆತ್ತಲ್ಲ. ಆದರೆ ನಾನು ಒಳಗೆ ಕಾಲಿಟ್ಟರೆ ಸಾಕು, "ಸರಕು ಸೇರಿದ ರಸೀದಿ ಎಲ್ಲೋ?" ಅಂತಾರೆ. ಕನ್ನಡಕ ಹಾಕಿಕೊಂಡು ನಿನ್ನ ಸಹಿಯನ್ನೇ ನೋಡ್ತಾರೆ. ಆಮೇಲೆ, "ಆ ಕಡೆಯವನು ಗಟ್ಟಿ ಕೈಯಲ್ಲಿ ಬರೆದಿದ್ದಾನೆ, ಆರಾಮಾಗಿದ್ದಾನೆ" ಅಂತ ಗೋಡೆಗೆ ಹೇಳಿ ಮಗ್ಗುಲು ತಿರುಗ್ತಾರೆ.

ನಿಮ್ಮಿಬ್ಬರ ಮಧ್ಯೆ ಕಾಗದ ಹೊತ್ತು ನನಗೂ ಸುಸ್ತಾಗಿದೆ. ಡಾಕ್ಟರು ತಡ ಮಾಡಬೇಡಿ ಅಂದಿದ್ದಾರೆ. ಪತ್ರಕ್ಕೆ ಉತ್ತರ ಬೇಡ. ಖಾಲಿ ಟ್ರೇಲರ್ ವಾಪಸ್ ಕಳಿಸುವಾಗ, ಹಡಗಿನ ಕಾಗದದಲ್ಲಿ ಜೊತೆಗೆ ಬರುವ ಚಾಲಕನ ಹೆಸರಿನ ಜಾಗದಲ್ಲಿ ನೀನು ಯಾವಾಗಲೂ ಗೆರೆ ಎಳೀತೀಯಲ್ಲ, ಈ ಸಲ ಅಲ್ಲಿ ನಿನ್ನ ಹೆಸರು ಬರೆ.

ಆ ಕಾಗದದ ನಕಲು ಹಡಗಿಗಿಂತ ಮೊದಲೇ ನನ್ನ ಕೈ ಸೇರುತ್ತೆ. ಅಪ್ಪನ ಕನ್ನಡಕ ಒರೆಸಿ ಇಟ್ಟಿರ್ತೀನಿ.

ನಿನ್ನ ತಮ್ಮ