ಎರಡು ಚಪ್ಪರದಡಿಯ ಬಿಳಿ ಚೌಕ

ಪರೀಕ್ಷಾ ಮಂಡಳಿಯ ಗಣಿತ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ಎರಡು ಚಪ್ಪರಗಳ ಕೆಳಗೆ ಬಿಸಿಲು ಹೇಗೆ ಬಿತ್ತು? ದಯವಿಟ್ಟು ತಿಳಿಸಿ. ಇದೊಂದು ಪ್ರಶ್ನೆಯಲ್ಲಿ ನನ್ನ ಮಗಳು ಮಾರಿಸೆಲಾಳ ಒಂದು ಅಂಕ ಹೋಗಿದೆ. ಆ ಒಂದು ಅಂಕದಿಂದಾಗಿ ಮುಂದಿನ ವರ್ಷದ ಬೀಜಗಣಿತ ತರಗತಿಯಲ್ಲಿ ಅವಳಿಗೆ ಜಾಗ ತಪ್ಪಿದೆ.

ನೀವು ಕೇಳಿದ್ದಿಷ್ಟು: ನಡುಮಧ್ಯಾಹ್ನ ಸಂತೆಯಲ್ಲಿ ಹತ್ತಡಿ ಉದ್ದಗಲದ ಎರಡು ಚೌಕ ಚಪ್ಪರಗಳು, ನಾಲ್ಕಡಿ ಚೌಕದಷ್ಟು ಒಂದರ ಮೇಲೊಂದು ಬಂದಿವೆ, ಛಾಯೆಯಿರುವ ಭಾಗದ ವಿಸ್ತೀರ್ಣವೆಷ್ಟು? ಚಿತ್ರದಲ್ಲಿ ಚಪ್ಪರಗಳಿಗೆಲ್ಲ ಬೂದುಬಣ್ಣ ಬಳಿದು, ಎರಡೂ ಸೇರುವ ಚೌಕವನ್ನು ಮಾತ್ರ ಬೆಳ್ಳಗೆ ಬಿಟ್ಟಿದ್ದೀರಿ. ನಿಮ್ಮ ಉತ್ತರ ನೂರ ಅರವತ್ತೆಂಟು ಚದರಡಿ. ಮಾರಿಸೆಲಾ ಬರೆದದ್ದು ನೂರ ಎಂಬತ್ತನಾಲ್ಕು, ಅಂದರೆ ನಿಮ್ಮ ಬಿಳಿ ಚೌಕವನ್ನೂ ಸೇರಿಸಿ.

ಸ್ವಾಮಿ, ನಾವು ಮರುಭೂಮಿಯ ಊರಾದ ಟೂಸಾನ್‌ನವರು. ಇಲ್ಲಿ ಅಂಗಡಿಯ ಬಾಗಿಲಲ್ಲೇ ಕಾರು ನಿಲ್ಲಿಸಿದವನು ಹೊಸಬನೆಂದು ಯಾರಾದರೂ ಹೇಳುತ್ತಾರೆ. ನಾವು ದೂರದ ಮೆಸ್ಕೀಟ್ ಮರದಡಿ ನಿಲ್ಲಿಸಿ ನಡೆದು ಬರುವ ಜನ. ನಮ್ಮ ಮಕ್ಕಳಿಗೆ ಛಾಯೆ ಎಂದರೆ ಪೆನ್ಸಿಲಿನ ಗೀಟಲ್ಲ, ನೆರಳು. ಶನಿವಾರದ ಸಂತೆಯಲ್ಲಿ ನಾನು ತಮಾಲೆ ಎಂಬ ಮೆಕ್ಕೆಜೋಳದ ಕಡುಬು ಮಾರುತ್ತೇನೆ. ಪಕ್ಕದಲ್ಲಿ ಎಫ್ರೆನ್ ಹೆರೆದ ಐಸಿಗೆ ಹಣ್ಣಿನ ರಸ ಹುಯ್ದು ಮಾರುತ್ತಾನೆ. ನಮ್ಮಿಬ್ಬರ ಚಪ್ಪರ ಸೇರುವಲ್ಲೇ ಅವನ ಐಸಿನ ಪೆಟ್ಟಿಗೆ. ಅವನಿಗೆ ನಿಮ್ಮ ಚಿತ್ರ ತೋರಿಸಿದೆ.

"ಅಲ್ಲಕ್ಕಾ, ಇಡೀ ಸಂತೇಲಿ ತಣ್ಣಗಿರೋದು ಅದೊಂದೇ ಜಾಗ. ಅದನ್ನೇ ಬಿಸಿಲು ಅಂದ್ಬಿಟ್ರಲ್ಲ! ಈ ಸಾಹೇಬ್ರು ಯಾವೂರೋರು?" ಎಂದ.

ನಿಮ್ಮ ಕಚೇರಿಗೂ ಫೋನ್ ಮಾಡಿದೆ. "ಮೇಡಂ, ಅದು ನೆರಳಲ್ಲ, ಛಾಯೆ" ಎಂದರು ಒಬ್ಬರು.

"ಎರಡಕ್ಕೂ ಏನ್ರೀ ವ್ಯತ್ಯಾಸ?"

"ನೆರಳು ಹೊರಗಡೆ ಇರುತ್ತೆ. ಛಾಯೆ ಪ್ರಶ್ನೆಪತ್ರಿಕೇಲಿ ಇರುತ್ತೆ."

ಎಂಥ ಜ್ಞಾನ! ಹಾಗಿದ್ದರೆ ಬರೀ ಎರಡು ಚೌಕ ಬರೆದು ಬಣ್ಣ ಬಳಿಯಬಹುದಿತ್ತಲ್ಲ? ಸಂತೆ ಯಾಕೆ, ಚಪ್ಪರ ಯಾಕೆ, ನಡುಮಧ್ಯಾಹ್ನ ಯಾಕೆ? ನಿಮ್ಮ ಕೂಡುವ ಕಳೆಯುವ ಲೆಕ್ಕದಲ್ಲಿ ತಪ್ಪಿಲ್ಲ, ಒಪ್ಪಿದೆ. ಆದರೆ ಅಂಕಪಟ್ಟಿ ಬಂದ ದಿನ ಮಾರಿಸೆಲಾ, "ಬಿಡಮ್ಮ, ಇನ್ಮೇಲೆ ಪ್ರಶ್ನೆ ಓದೋಕೇ ಹೋಗಲ್ಲ. ಬಣ್ಣ ಎಲ್ಲಿದೆ ನೋಡಿ ಬರೀತೀನಿ" ಎಂದಳು. ಅಂಕ ಹೋದದ್ದಕ್ಕಿಂತ ಆ ಮಾತಿಗೇ ನನಗೆ ಹೆಚ್ಚು ಸಂಕಟವಾಯಿತು.

ಆದ್ದರಿಂದ ಜೂನ್ ತಿಂಗಳ ಯಾವುದಾದರೂ ಶನಿವಾರ, ನಡುಮಧ್ಯಾಹ್ನಕ್ಕೇ ಬನ್ನಿ. ಎಫ್ರೆನ್ ಪೆಟ್ಟಿಗೆ ಸರಿಸಿ ಜಾಗ ಬಿಡುತ್ತಾನೆ. ನಿಮ್ಮ ಬಿಳಿ ಚೌಕದಲ್ಲಿ ನಿಂತುಕೊಳ್ಳಿ. ತಲೆ ಸುಟ್ಟರೆ ನಿಮ್ಮ ಉತ್ತರವೇ ಸರಿ. ತಣ್ಣಗಿದ್ದರೆ ಅಲ್ಲೇ ನಿಂತು ನನ್ನ ಮಗಳ ಅಂಕ ಕೊಡಿ. ಪ್ರಶ್ನೆ ಓದಿದ್ದು ಅವಳ ತಪ್ಪಲ್ಲವೆಂದು ನಿಮ್ಮ ಬಾಯಿಂದಲೇ ಅವಳಿಗೆ ಹೇಳಿ.

ಇಂತಿ,
ನಿಮಗೆಂದೇ ಹದಿನಾರು ಚದರಡಿ ನೆರಳು ಕಾದಿರಿಸಿರುವ
ಲಿಯೊನೋರಾ ಒಚೋವಾ