ರುದ್ರಾಣಿಯ ಸಾಲು

೨೪-೭-೧೯೬೯, ಗುರುವಾರ. ರಾಮಾಪುರ.

ಇವತ್ತು ರುದ್ರಾಣಿಯ ಸಾಲು ಕಿತ್ತುಹಾಕಿದೆ. ಮನಸ್ಸು ಸರಿಯಿಲ್ಲ.

ಹೆರಿಗೆಗೆ ತವರು ಧನಗೆರೆಗೆ ಹೊರಟಾಗ ಹೇಳಿದ್ದಳು, "ಬದದ ಪಕ್ಕದ ಸಾಲ್ನಲ್ಲಿ ಅಣ್ಣೆಸೊಪ್ಪು ಉಟ್ಟದೆ. ನಾ ಬರಗಂಟ ಕೀಳ್ಬ್ಯಾಡಿ." ಐದು ತಿಂಗಳು ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅಣ್ಣೆ ಸಾರಿಗಾಗುವ ಸೊಪ್ಪಾದರೂ ಹೊಲಕ್ಕೆ ಕಳೆಯೇ. ಆದರೂ ಬಿಟ್ಟೆ. ಹೊಲದ ಮುಸುಕಿನ ಜೋಳವೆಲ್ಲ ಸೊಂಟ ದಾಟಿ ಕಪ್ಪು ಹಸಿರಾಗಿದೆ. ಆ ಸಾಲಿನದು ಮಾತ್ರ ಮೊಣಕಾಲುದ್ದಕ್ಕೇ ನಿಂತು ಹಳದಿ ತಿರುಗಿತ್ತು. ಪಕ್ಕದ ಹೊಲದ ಮುದ್ದಯ್ಯ ನಕ್ಕ. "ನೀನ್ ಆಕಿದ ಗೊಬ್ಬರನೆಲ್ಲ ಅಣ್ಣೆನೇ ತಿಂದದೆ ಕಣ್ಲಾ. ಇನ್ನೂ ಬುಟ್ರೆ ಪಕ್ಕದ ಸಾಲೂ ಓಯ್ತದೆ."

ಕಿತ್ತೆ. ಅಣ್ಣೆಯ ಬೇರೆಲ್ಲ ಜೋಳದ ಬುಡಕ್ಕೇ ಹೋಗಿ ಹೆಣೆದುಕೊಂಡಿತ್ತು. ಎಸೆಯಲು ಕೈ ಬರಲಿಲ್ಲ. ಎಳೆಕುಡಿ ಮುರಿದು, ಒದ್ದೆ ಟವಲಿನಲ್ಲಿ ಸುತ್ತಿ, ಕೊಳ್ಳೇಗಾಲದ ಬಸ್ಸಿನ ಕಂಡಕ್ಟರ್ ಕೈಲಿ ಅತ್ತೆಮನೆಗೆ ಕಳಿಸಿದೆ. ಹೆರಿಗೆಯಾಗಿ ವಾರವಾಯಿತು. ಪುರುಡು ಕಳೆಯುವವರೆಗೆ ನಾನು ಹೋಗುವಂತಿಲ್ಲ. ಮಗುವಿನ ಮುಖ ಇನ್ನೂ ನೋಡಿಲ್ಲ.

ಬಾಣಂತಿಗೆ ಈ ಸೊಪ್ಪು ತಂಪು ಎಂದು ಅತ್ತೆ ಅದನ್ನು ಎಮ್ಮೆಗೆ ಹಾಕುತ್ತಾರೆ, ಗೊತ್ತು. ಹಾಕಲಿ. ಗಂಟು ಬಿಚ್ಚುವಾಗ ಅವಳು ಅಲ್ಲಿದ್ದರೆ ಸಾಕು. ಸಾಲು ಕಿತ್ತೆನೆಂದು ಬೈಯುವುದಕ್ಕಾದರೂ ನನ್ನ ಹೆಸರು ಎತ್ತುತ್ತಾಳೆ.