ಬಿಸಿಲು ಕೇಳಲೋ, ಮೋಡ ಕೇಳಲೋ

ಮನೆಯಿಂದ,
ಸೋಮವಾರ ಮಧ್ಯಾಹ್ನ, ಮೋಡ

ನನ್ನ ಮಗಳ ಅಪ್ಪನವರಿಗೆ ನಿಮ್ಮವಳು ಮಾಡುವ ನಮಸ್ಕಾರ.

ಇವತ್ತು ಸೋಮವಾರದ ಉಪವಾಸ. ಬೆಳಿಗ್ಗೆ ಎದ್ದು ಗುಡಿಸಿ, ಒರೆಸಿ, ನೀರು ಹಿಡಿದು, ದೇವರ ದೀಪ ತಿಕ್ಕಿದೆ. ಸ್ವಲ್ಪ ಹೊತ್ತಿನ ಮೇಲೆ ನೋಡುತ್ತೇನೆ, ತಿಕ್ಕಿಟ್ಟ ದೀಪವನ್ನೇ ಮತ್ತೆ ತಿಕ್ಕುತ್ತಾ ಕೂತಿದ್ದೇನೆ. ಕೈ ಒಂದು ಕಡೆ, ತಲೆ ಒಂದು ಕಡೆ. ಅದಿರಲಿ, ನಿಮ್ಮ ಮೈ ಹೇಗಿದೆ? ಮಂಡಿನೋವು ಕಡಿಮೆಯಾಯಿತೋ, ಇಲ್ಲ ತಣ್ಣಗಿದೆ ಅಂತ ಬರೀ ನೆಲದ ಮೇಲೆ ಮಲಗಿ ಜಾಸ್ತಿ ಮಾಡಿಕೊಂಡಿರೋ? ರಾತ್ರಿ ಕಾಲಿಗೆ ಹಳೇ ಶಾಲು ಸುತ್ತಿಕೊಳ್ಳಿ. ಲಾಡ್ಜಿನವರು ಕೊಡುವ ಊಟ ಹೊಟ್ಟೆಗೆ ಹಿಡಿಸುತ್ತಿದೆಯೋ ಇಲ್ಲವೋ ನೀವು ಬರೆಯುವುದೇ ಇಲ್ಲ. ಹವೆಯ ಬಗ್ಗೆ ಎರಡು ಪುಟ ಬರೆಯುತ್ತೀರಿ, ಹೊಟ್ಟೆಯ ಬಗ್ಗೆ ಒಂದು ಸಾಲಿಲ್ಲ. ಇಲ್ಲಿ ನಾನು ಚೆನ್ನಾಗಿದ್ದೇನೆ. ಮಗಳು, ಅಳಿಯ ಚೆನ್ನಾಗಿದ್ದಾರೆ.

ನಿಮ್ಮ ಕಾಗದ ಬಂತು, ಹಿಂದೆಯೇ ಕಂಬಳಿಯೂ ಬಂತು. ನಡುಬೇಸಿಗೆಯಲ್ಲಿ ಹೆಂಡತಿಗೆ ಕಂಬಳಿ ಕಳಿಸುವ ಗಂಡಸು ನೀವೊಬ್ಬರೇ ಇರಬೇಕು. ಪಾರ್ಸಲ್ ಬಿಚ್ಚುವಾಗ ಪಕ್ಕದ ಮನೆ ಟೈಲರಮ್ಮ ಇದ್ದಳು. "ಏನಕ್ಕಾ, ಉರಿಯೋ ಒಲೆಗೆ ಭಾವ ಮುಚ್ಚಳ ಕಳಿಸಿದಾರಾ?" ಅಂದಳು. ನಗು ಬಂತು. ಕಾಗದ ಓದಿದ ಮೇಲೆ ಅದು ಹೋಯಿತು. ಹೋದ ಮಳೆಗಾಲ ಮುಗಿದಾಗ, ಒಂದು ವರ್ಷ ಕೆಲಸ ಮಾಡಿ ನೋಡುತ್ತೇನೆ ಅಂತ ಹೇಳಿ ಹೋದವರು ನೀವು. ಈಗ ಆ ಬೆಟ್ಟದ ಊರಲ್ಲೇ ಬಾಡಿಗೆಗೆ ಕೋಣೆ ಹಿಡಿದಿದ್ದೇನೆ, ಈ ತಿಂಗಳಲ್ಲೂ ಮೋಡ ಕಿಟಕಿ ತನಕ ಇಳಿಯುತ್ತದೆ, ತಾರಸಿಯಲ್ಲಿ ಬಟ್ಟೆ ಒಣಗಿಸುವ ಕೆಲಸ ಬಿಟ್ಟು ಬಂದುಬಿಡು, ಏನಂತೀಯ ಬರಿ ಅಂತ ಬರೆದಿದ್ದೀರಿ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಕೊನೆಗೆ, ಇನ್ನು ಆ ಬಿಸಿಲಿಗೆ ನಾನು ಬರುವವನಲ್ಲ ಅಂತ ಸೇರಿಸಿದ್ದೀರಿ. ಆ ಒಂದು ಸಾಲಿಗಾಗಿ ಕಾಗದವನ್ನು ಮತ್ತೆ ಮತ್ತೆ ಬಿಚ್ಚಿ ನೋಡುತ್ತೇನೆ.

ಕಾಗದ ಬಂದ ಮಾರನೇ ದಿನದಿಂದ ಇಲ್ಲೂ ಮೋಡ. ನೀವೇ ಕಂಬಳಿಯ ಜೊತೆ ಕಟ್ಟಿ ಕಳಿಸಿದ ಹಾಗೆ. ಮಳೆಯೂ ಸರಿಯಾಗಿ ಬರುವುದಿಲ್ಲ, ಬಿಸಿಲೂ ಬರುವುದಿಲ್ಲ. ಬೀದಿಯವರಿಗೆಲ್ಲ ಹಿಗ್ಗೋ ಹಿಗ್ಗು. ಮಧ್ಯಾಹ್ನ ಬಾಗಿಲು ಮುಚ್ಚಿ ಒಳಗೆ ಬಿದ್ದಿರುತ್ತಿದ್ದವರು ಮೆಟ್ಟಿಲ ಮೇಲೆ ಕೂತು ಹರಟುತ್ತಾರೆ. ಲಾಂಡ್ರಿ ಯಜಮಾನರು ಕೂಡ ಫ್ಯಾನ್ ಆರಿಸಿ, "ಆಹಾ, ಹಿಂಗಿರಬೇಕಕ್ಕಾ ಬೇಸಿಗೆ" ಅನ್ನುತ್ತಾರೆ, ಮರುಗಳಿಗೆಗೆ "ಆಸ್ಪತ್ರೆ ಬೆಡ್‌ಶೀಟು ಒಣಗಿದ್ವಾ?" ಅಂತಾರೆ. ಹೇಗೆ ಒಣಗಬೇಕು? ಹರವುತ್ತೇನೆ, ಕೆನ್ನೆಗೆ ಒತ್ತಿ ನೋಡುತ್ತೇನೆ, ತಣ್ಣಗೆ. ತಿರುವಿ ಹಾಕುತ್ತೇನೆ, ಇನ್ನೂ ತಣ್ಣಗೆ. ಮಡಿಸಿದರೆ ಮುಗ್ಗು ವಾಸನೆ. ಕೆಳಗೆ ಬಂದರೆ ಮೇಲೆ ಬಿಸಿಲು ಬಂತೇನೋ ಅನ್ನಿಸುತ್ತದೆ, ಮೇಲೆ ಹೋದರೆ ಕೆಳಗೆ ಏನೋ ಬಿಟ್ಟು ಬಂದೆ ಅನ್ನಿಸುತ್ತದೆ. ಇಷ್ಟು ಬರೆಯುವುದರೊಳಗೆ ಎರಡು ಸಲ ಎದ್ದುಹೋಗಿ ಆಕಾಶ ನೋಡಿ ಬಂದೆ.

ನನಗೆ ಬಿಸಿಲು ಬೇಕು ಅಂದರೆ ಜನ ನಗುತ್ತಾರೆ. ನೀವೂ ನಗುತ್ತಿದ್ದಿರಿ, "ನಿಂಗೆ ದೇವರು ಹಲ್ಲಿ ಮೈ ಕೊಟ್ಟಿದ್ದಾನೆ ಕಣೇ, ಗೋಡೆ ಕಾದಷ್ಟೂ ಖುಷಿ" ಅಂತ. ನಿಮಗೆ ಎಮ್ಮೆ ಮೈ, ಸಿಕ್ಕ ನೀರಲ್ಲಿ ಮುಳುಗಿಬಿಡ್ತೀರಿ ಅಂತ ನಾನೂ ಅಂದಿದ್ದೇನೆ. ಹಲ್ಲಿ ಅಂದರೂ ಸರಿ. ತಾರಸಿಯ ಮೇಲೆ ಕಾಲಿಡಲಾಗದ ಹಾಗೆ ಕಾದಿರಬೇಕು, ಹಗ್ಗದ ತುಂಬ ಬಿಳೀ ಬಟ್ಟೆ, ಈ ತುದಿಗೆ ಕ್ಲಿಪ್ಪು ಹಾಕಿ ಬರುವಷ್ಟರಲ್ಲಿ ಆ ತುದಿ ಗರಿಗರಿ ಆಗಿರಬೇಕು. ಆ ಬಿಸಿ ಬಟ್ಟೆಯನ್ನು ಎರಡೂ ತೋಳಲ್ಲಿ ಬಾಚಿಕೊಂಡಾಗ ಒಂದು ವಾಸನೆ ಬರುತ್ತದಲ್ಲ, ಅದಕ್ಕೆ ಹೆಸರು ಗೊತ್ತಿಲ್ಲ. ಬೆಳಿಗ್ಗೆ ಒದ್ದೆಯಾಗಿದ್ದದ್ದು ಮಧ್ಯಾಹ್ನಕ್ಕೆ ಮಡಿಕೆಯಾಗಿ ಕೂತಿರುತ್ತದೆ. ಇವತ್ತಿನದು ಇವತ್ತಿಗೆ ಮುಗಿಯಿತು ಅಂತ ದೇವರಿಗೆ ಕೈಮುಗಿದು ಮಲಗಬಹುದು. ಮೋಡದಲ್ಲಿ ಯಾವುದಕ್ಕೂ ಕೊನೆ ಇಲ್ಲ. ಹೊತ್ತು ಎಷ್ಟಾಯಿತು ಅಂತಲೂ ತಿಳಿಯುವುದಿಲ್ಲ. ತಲೆ ಭಾರ, ಬಾಯಿಗೆ ರುಚಿಯಿಲ್ಲ, ಸುಮ್ಮಸುಮ್ಮನೆ ಯಾರ ಮೇಲೋ ರೇಗಬೇಕು ಅನ್ನಿಸುತ್ತದೆ. ನೀವಿಲ್ಲ, ಹಾಗಾಗಿ ಬಕೆಟ್ಟಿನ ಮೇಲೆ ರೇಗುತ್ತೇನೆ.

ನಿಮ್ಮದೂ ನನಗೆ ಗೊತ್ತಿಲ್ಲದ್ದಲ್ಲ. ಅದೇ ಲಾಂಡ್ರಿಯಲ್ಲಿ ನಾನು ಮೇಲೆ ಗಾಳಿಯಲ್ಲಿ, ನೀವು ಕೆಳಗೆ ಕಿಟಕಿಯಿಲ್ಲದ ಇಸ್ತ್ರಿ ಕೋಣೆಯಲ್ಲಿ. ನಾನು ಒಣಗಿಸಿ ಕಳಿಸಿದ ಬಟ್ಟೆಯ ಬಿಸಿ ಸಾಲದು ಅಂತ ನೀವು ಅದರ ಮೇಲೆ ಇನ್ನೊಂದು ಬಿಸಿ ಎಳೆಯಬೇಕಿತ್ತು. ಬೇಸಿಗೆ ಪೂರ್ತಿ ಬೆನ್ನ ತುಂಬ ಬೆವರುಸಾಲೆ. ಸಂಜೆ ಬಂದವರೇ ಬಕೆಟ್ಟಿನಲ್ಲಿ ಕಾಲಿಟ್ಟು ಕೂತರೆ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ನಾನು ಬೆನ್ನಿಗೆ ಪೌಡರ್ ಹಾಕುವಾಗ, "ಇವತ್ತೇನಾದ್ರೂ ಮೋಡ ಬಂತಾ ಮೇಲೆ?" ಅಂತ ಕೇಳುತ್ತಿದ್ದಿರಿ, ದೂರದ ಊರಿನ ನೆಂಟರು ಬಂದರಾ ಅಂತ ಕೇಳುವ ಹಾಗೆ. ಅದಕ್ಕೇ ಲಾಡ್ಜಿನ ಉಗ್ರಾಣ ನೋಡಿಕೊಳ್ಳುವ ಕೆಲಸ ಸಿಕ್ಕಿದಾಗ ಹೋಗಿ ಬನ್ನಿ ಅಂತ ನಾನೇ ಅಂದದ್ದು. ಹೋಗಿ ಬನ್ನಿ ಅಂದೆ, ನೆನಪಿರಲಿ.

ಈಗ ಕಷ್ಟ ಬಂದಿರುವುದು ಪ್ರಾರ್ಥನೆಗೆ. ಇಷ್ಟು ವರ್ಷ ಬೆಳಿಗ್ಗೆ ದೀಪ ಹಚ್ಚಿ, ಎಲ್ಲರನ್ನೂ ಚೆನ್ನಾಗಿಡು, ಒಳ್ಳೇ ಬಿಸಿಲು ಕೊಡು ಅಂತ ಕೇಳಿಕೊಂಡು ಎದ್ದುಹೋದವಳು ನಾನು. ಇವತ್ತು ಕೈಮುಗಿದು ಕೂತೆ, ಬಿಸಿಲು ಕೊಡು ಅನ್ನಲು ಬಾಯಿ ಬರಲಿಲ್ಲ. ಬಿಸಿಲು ಕೇಳಿದರೆ ನೀವು ಬರಬೇಡಿ ಅಂತ ಕೇಳಿದ ಹಾಗೆ. ಮೋಡ ಕೇಳೋಣವೆಂದರೆ, ಮೇಲೆ ಒದ್ದೆ ಬಟ್ಟೆ ರಾಶಿ ಬಿದ್ದಿದೆ, ಯಾವ ಮುಖ ಇಟ್ಟುಕೊಂಡು ಕೇಳಲಿ? ಕೊನೆಗೆ, ನಿನಗೆ ತೋಚಿದ್ದು ಮಾಡಪ್ಪಾ ಅಂತ ಎದ್ದೆ. ಆಮೇಲೆ ಅದೂ ಸರಿ ಕಾಣಲಿಲ್ಲ, ದೇವರಿಗೆ ಎದುರುತ್ತರ ಕೊಟ್ಟ ಹಾಗಾಯಿತು ಅಂತ ವಾಪಸ್ಸು ಬಂದು ಅಡ್ಡಬಿದ್ದೆ.

ಇನ್ನೊಂದು ಆಯಿತು. ಯಾರಾದರೂ ನಿಮ್ಮ ಕಿವಿಗೆ ಹಾಕುವ ಮೊದಲು ನಾನೇ ಬರೆದುಬಿಡುತ್ತೇನೆ. ಮೊನ್ನೆ ಮಧ್ಯಾಹ್ನ, ನಿಮ್ಮ ಆ ಊರು ನನ್ನ ಮೈಗೆ ಒಗ್ಗುತ್ತದೋ ಇಲ್ಲವೋ ನೋಡೇಬಿಡೋಣ ಅಂತ ಕಂಬಳಿ ತೆಗೆದುಕೊಂಡು ತಾರಸಿಗೆ ಹೋದೆ. ತಣ್ಣನೆ ಗಾಳಿ ಬೀಸುತ್ತಿತ್ತು. ನೀರಿನ ಟ್ಯಾಂಕಿನ ಮಗ್ಗುಲಲ್ಲಿ ಕಾಲು ಚಾಚಿ, ತಲೆ ತನಕ ಹೊದ್ದುಕೊಂಡು, ಇದೇನು ಮಹಾ ಸುಖ ಅಂತ ಅಂದುಕೊಂಡದ್ದಷ್ಟೇ ಗೊತ್ತು. ಹಗಲು ಹೊತ್ತು ಕಣ್ಣು ಮುಚ್ಚದ ನಾನು ನಿದ್ದೆ ಹೋಗಿದ್ದೆ. ತುಂತುರು ಹನಿ ಬಿದ್ದದ್ದು ಕಂಬಳಿಯೊಳಗೆ ತಿಳಿಯಲೇ ಇಲ್ಲ. ಟೈಲರಮ್ಮ ಕೆಳಗಿನಿಂದ ಬೊಬ್ಬೆ ಹಾಕುತ್ತಾ ಓಡಿಬಂದು ಎಬ್ಬಿಸಿದಳು. ಅಷ್ಟರಲ್ಲಿ ಅರ್ಧ ಒಣಗಿದ್ದ ಬೆಡ್‌ಶೀಟೆಲ್ಲ ಮತ್ತೆ ಒದ್ದೆ. ಯಜಮಾನರು ಬಂದು ನೋಡಿ, ಬೈಯುವುದನ್ನೂ ಮರೆತು, "ಅಕ್ಕಾ, ನೀವೂ ಮಲಗ್ತೀರಾ?" ಅಂದರು. ಟೈಲರಮ್ಮ ಸುಮ್ಮನಿರುವ ಹೆಂಗಸಲ್ಲ. "ಭಾವನ ಊರಿಗೆ ಟಿಕೆಟ್ಟಿಲ್ದೆ ಹೋಗಿಬಂದ್ರು ಬಿಡಿ" ಅಂದಳು. ನಾಚಿಕೆಯಿಂದ ಕೂತಲ್ಲೇ ಕರಗಿಹೋದೆ. ಆದರೆ ನಿಮ್ಮ ಹತ್ತಿರ ಸುಳ್ಳು ಯಾಕೆ, ನಿದ್ದೆ ಚೆನ್ನಾಗಿ ಬಂದಿತ್ತು. ಎದ್ದಾಗ ತಲೆ ಹಗುರವಾಗಿತ್ತು. ಅದೇ ನನಗೆ ಜಾಸ್ತಿ ಸಿಟ್ಟು ತರಿಸಿದ್ದು. ಒಗ್ಗುವುದಿಲ್ಲ ಅಂತ ಆಗಿದ್ದರೆ, ಒಗ್ಗಲಿಲ್ಲ ಅಂತ ಬರೆದು ನಿಶ್ಚಿಂತೆಯಾಗಿ ಇರುತ್ತಿದ್ದೆ.

ಮಗಳಿಗೆ ಹೇಳಿದೆ. "ಅಪ್ಪ ಅಲ್ಲಿ, ನೀನಿಲ್ಲಿ, ನಡುವೆ ಸೂರ್ಯ. ಹೋಗಮ್ಮಾ, ಅಲ್ಲೂ ಹಗ್ಗ ಕಟ್ಟಿದ್ರಾಯ್ತು" ಅಂತ ನಕ್ಕಳು. ಅವಳಿಗೆ ಹೇಳುವುದು ಸುಲಭ. ಮೋಡ ಕಿಟಕಿ ತನಕ ಇಳಿಯುವ ಕಡೆ ಹಗ್ಗ ಕಟ್ಟಿ ನಾನು ಏನನ್ನು ಒಣಗಿಸಲಿ? ಬೆಳಗಾದರೆ ನಾನು ಮಾಡುವುದೇನು, ನೀವು ಉಗ್ರಾಣಕ್ಕೆ ಹೋದ ಮೇಲೆ ಕಿಟಕಿಯಲ್ಲಿ ಕೂತು ಮೋಡ ನೋಡುವುದಾ? ಇದನ್ನೆಲ್ಲ ನೀವು ಯೋಚನೆ ಮಾಡಿದ್ದೀರೋ ಇಲ್ಲವೋ. ಅಂಗಿಗೆ ಗುಂಡಿ ಯಾವ ಬಣ್ಣದ್ದು ಅಂತಲೂ ನನ್ನನ್ನು ಕೇಳುತ್ತಿದ್ದವರು ನೀವು, ಕೋಣೆ ಹಿಡಿದು ಆಮೇಲೆ ಕಾಗದ ಬರೆದಿದ್ದೀರಿ.

ಇಷ್ಟು ಬರೆದು ತಲೆ ಎತ್ತಿದರೆ ಬಾಗಿಲ ಹತ್ತಿರ ನೆಲದ ಮೇಲೆ ತೆಳ್ಳಗೆ ಬಿಸಿಲು ಬಿದ್ದಿದೆ. ಎಷ್ಟು ಹೊತ್ತು ಇರುತ್ತದೋ ಏನೋ, ಬಟ್ಟೆ ಹರವಲು ಓಡಬೇಕು. ನಿಮಗೆ ಕೋಪ ಬರುವಂಥದ್ದೇನಾದರೂ ಬರೆದಿದ್ದರೆ ಉಪವಾಸದ ಬಾಯಿ ಅಂದುಕೊಳ್ಳಿ. ದೇವರು ನಿಮ್ಮ ಮಂಡಿಯನ್ನೂ ಮನಸ್ಸನ್ನೂ ಚೆನ್ನಾಗಿಟ್ಟಿರಲಿ. ನಿಮಗೆ ಚಹಾ ಕೊಡುವ ಆ ಲಾಡ್ಜಿನ ಅಡುಗೆಯವರಿಗೆ ನನ್ನ ನಮಸ್ಕಾರ ಹೇಳಿ.

ಇಂತಿ,
ನಿಮ್ಮ ಮನೆಯವಳು

ಮರೆತಿದ್ದೆ: ಮಗಳು ಅಂಚೆಗೆ ಹಾಕಲು ಬಾಗಿಲಲ್ಲಿ ನಿಂತಿದ್ದಾಳೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಬರುತ್ತೀಯಾ ಇಲ್ಲವಾ ಅಂತ ನೀವು ಕೇಳಿದ್ದಕ್ಕೆ ಉತ್ತರ ಎಲ್ಲಿ ಅಂತ ಕಾಗದ ಹಿಂದೆ ಮುಂದೆ ತಿರುಗಿಸಬೇಡಿ, ಬರೆದಿಲ್ಲ. ಆ ಬಿಸಿಲಿಗೆ ಬರುವವನಲ್ಲ ಅಂದಿರಲ್ಲ, ಒಂದು ದಿನದ ಮಟ್ಟಿಗೆ ಬನ್ನಿ. ಆ ಮೋಡಕ್ಕೆ ನಾನು ಎಷ್ಟು ದಿನ ಬರಬಲ್ಲೆ ಅಂತ ಆಗ ಹೇಳುತ್ತೇನೆ. ನನ್ನ ಸಾಮಾನು ತುಂಬಲು ದೊಡ್ಡ ಚೀಲ ತರಬೇಕೋ ಬೇಡವೋ ಅಂತ ಮತ್ತೆ ಕಾಗದ ಬರೆಯಬೇಡಿ. ಉತ್ತರ ನನ್ನ ಹತ್ತಿರ ಇದೆ, ಅಂಚೆಗೆ ಹಾಕುವುದಿಲ್ಲ, ಯಾರ ಕೈಲೂ ಕಳಿಸುವುದಿಲ್ಲ. ನೀವೇ ಬಂದು ತೆಗೆದುಕೊಂಡು ಹೋಗಿ.